ನಿತಾಯ್‌ದಾನ ಒರಟು ಅಕ್ಷರ

ಮಂಜಿನ್ನೂ ಕರಗಿಲ್ಲ. ಬಂಗಾಳದ ಕಾಟ್ವಾದ ದೋಣಿಗಟ್ಟದ ಹತ್ತಿರ, ಸೆಣಬಿನ ಗೋದಾಮಿನ ಗೋಡೆಗೆ ಏಣಿ ಒರಗಿಸಿ ನಿತಾಯ್ ಸೂತ್ರಧರ್ ಅಭ್ಯರ್ಥಿಯ ಹೆಸರು ಬರೆಯುತ್ತಿದ್ದಾರೆ. ಬಲಗೈ ನಡುಗುತ್ತದೆ. ಎಡಗೈಯಿಂದ ಅದರ ಮಣಿಕಟ್ಟು ಹಿಡಿದು ಕುಂಚ ಎಳೆಯುತ್ತಾರೆ. ಆಳೆತ್ತರದ ಕೆಂಪು ಅಕ್ಷರದ ಅಂಚು ಹರಿದ ಗೋಣಿಯ ಹಾಗೆ ಬರುತ್ತದೆ. ಕೆಳಗೆ ಏಣಿ ಹಿಡಿದು ನಿಂತ ಹೆಂಡತಿ ಪುತುಲ್ ತಲೆಯೆತ್ತಿ ನೋಡುವುದೇ ಇಲ್ಲ.

ಚುನಾವಣೆ ಬಂತೆಂದರೆ ಈ ಊರಲ್ಲಿ ಮೊದಲು ಸುಣ್ಣ ಬಳಿದವರದೇ ಗೋಡೆ. ಮೂಲೆಯಲ್ಲಿ ಪಕ್ಷದ ಹೆಸರು ಗೀಚಿದರೆ ಸಾಕು, ಮತದಾನ ಮುಗಿಯುವವರೆಗೆ ಬೇರೆಯವರು ಮುಟ್ಟುವಂತಿಲ್ಲ. ಬಳಿದವರು ಯಾರೇ ಆಗಲಿ, ಬರೆಯುವವರು ಮಾತ್ರ ನಿತಾಯ್. ಬೀದಿಯ ಈ ಬದಿ ಒಬ್ಬನನ್ನು ಗೆಲ್ಲಿಸಿ, ಆ ಬದಿ ಅವನನ್ನೇ ಸೋಲಿಸುತ್ತಾರೆ. ಅದಕ್ಕೆ ಯಾರ ತಕರಾರೂ ಇಲ್ಲ.

ಒಂದು ಕಾಲಕ್ಕೆ ಅವರ ಅಕ್ಷರ ತೆಳ್ಳಗೆ, ನುಣ್ಣಗೆ ಇತ್ತು. ಕೆಲವು ವರ್ಷಗಳ ಹಿಂದೆ ಕೈನಡುಕ ಶುರುವಾಯಿತು. ಗೆರೆ ಸೊಟ್ಟಗಾದಲ್ಲೆಲ್ಲ ಮೇಲೆ ಮೇಲೆ ಬಣ್ಣ ಬಳಿದು ಮುಚ್ಚಿದರು; ಅಕ್ಷರ ದಪ್ಪಗಾಯಿತು, ಒರಟಾಯಿತು. ಊರಿಗೆ ಅದೇ ಹಿಡಿಸಿತು. ನಿತಾಯ್‌ದಾನ, ಅಂದರೆ ನಿತಾಯಣ್ಣನ, ಅಕ್ಷರದಲ್ಲಿ ರೋಷವಿದೆ ಎಂದರು. ಚಿತ್ರಕಲೆ ಓದಿದ ಹುಡುಗಿಯೊಬ್ಬಳು ಕೋಲ್ಕತ್ತದಿಂದ ಬಂದು, ಇವರ ಒಪ್ಪಿಗೆ ಕೇಳಿಯೇ, ಗೋಡೆಗಳ ಫೋಟೊ ತೆಗೆದು ಕಂಪ್ಯೂಟರಿಗೆ ಒಂದು ಫಾಂಟ್ ಮಾಡಿದಳು. ಅದರ ಹೆಸರೂ ನಿತಾಯ್. ಈಗ ನಾಟಕದ ಪೋಸ್ಟರಿನಲ್ಲಿ, ಮಿಠಾಯಿ ಡಬ್ಬದ ಮೇಲೆ, ಪಕ್ಷಗಳ ಫ್ಲೆಕ್ಸಿನಲ್ಲಿ ಇವರ ನಡುಕವೇ ಕಾಣುತ್ತದೆ.

ಕಳೆದ ಚಳಿಗಾಲ ಬರ್ಧಮಾನದ ಡಾಕ್ಟರು ಮಾತ್ರೆ ಕೊಟ್ಟರು. ನಡುಕ ನಿಂತಿತು. ನಿತಾಯ್ ಹಿಗ್ಗಿ ಹೋಗಿ ಒಂದು ಇಡೀ ಗೋಡೆ ಬರೆದರು, ಮೊದಲಿನ ಹಾಗೆ ನುಣ್ಣಗೆ. ಆ ಗೋಡೆ ಹಿಡಿದಿದ್ದ ಪಕ್ಷಕ್ಕೆ ವಾರ್ಡಿನ ಗೋಡೆಗಳ ಉಸ್ತುವಾರಿ ಬಾಪಿ ಎಂಬವನದು. ಅವನು ಬಂದು, ಮೊಬೈಲಿನಲ್ಲಿದ್ದ ಫಾಂಟನ್ನು ಪಕ್ಕಕ್ಕೆ ಹಿಡಿದು ನೋಡಿ, ಮುಖ ಸಿಂಡರಿಸಿದ.

“ಇದ್ಯಾರ ಹತ್ರ ಬರೆಸಿದ್ರಿ ದಾದಾ? ನಿಮ್ಮ ಕೈ ಅಲ್ಲ ಇದು. ಹೀಗೇ ಆದ್ರೆ ನಾವು ಫ್ಲೆಕ್ಸೇ ಹಾಕಿಸ್ಕೋತೀವಿ.”

ಅಂದಿನಿಂದ ಬರೆಯುವ ಕೆಲಸವಿದ್ದ ದಿನ ನಿತಾಯ್ ಮಾತ್ರೆ ನುಂಗುವುದಿಲ್ಲ. ಮಾತ್ರೆ ತಪ್ಪಿಸಲೇಬಾರದು ಎಂದು ಡಾಕ್ಟರು ಹೇಳಿದ್ದಾರೆ. ತಪ್ಪಿಸಿದ ದಿನ ಅನ್ನ ಕಲಸಲೂ ಕೈ ಬಾರದೆ, ಪುತುಲ್ ಬೌದಿಯೇ, ಅಂದರೆ ಅತ್ತಿಗೆಯೇ, ಮೀನಿನ ಮುಳ್ಳು ಬಿಡಿಸಿ ತುತ್ತು ಕೊಡುತ್ತಾರೆ.

“ಏಣಿಯಿಂದ ಬಿದ್ರೆ ಬಾಪಿ ಬಂದು ಎತ್ತುತ್ತಾನಾ, ಕೇಳಿ ಇವರನ್ನ,” ಎನ್ನುತ್ತಾರೆ ಬೌದಿ.

ಇದನ್ನೆಲ್ಲ ಕನ್ನಡ ಪತ್ರಿಕೆಗೆ ಬರೆಯಬಹುದೇ ಎಂದು ನಾನು ಕೇಳಿದರೆ ನಿತಾಯ್ ನಗುತ್ತಾರೆ.

“ಬರ್ಕೋ ತಮ್ಮಾ. ಬಾಪಿಗೆ ನಿನ್ನ ಭಾಷೆ ಓದೋಕೆ ಬರಲ್ಲ.”

ಏಣಿ ಇಳಿದು, ಕುಂಚ ತೊಳೆಯಲು ಬೌದಿಯ ಕೈಗೆ ಕೊಡುತ್ತಾರೆ. ತಾವು ಬರೆದದ್ದನ್ನು ಒಂದಿಷ್ಟು ಹೊತ್ತು ನೋಡುತ್ತಾ ನಿಲ್ಲುತ್ತಾರೆ.

“ಮಾತ್ರೆ ನುಂಗಿ ಇನ್ನೊಂದೇ ಒಂದು ಗೋಡೆ ಬರೀಬೇಕು. ಅದನ್ನ ನೋಡಿ ಯಾರಾದ್ರೂ ಒಬ್ರು, ಇದು ನಿತಾಯ್ ಕೈ ಅನ್ನಬೇಕು.”