ಬಲದ ದಳ ಬೀಳುವ ಕಲ್ಲು

ನನ್ನ ಸೋದರತ್ತೆ ಸೋನಾಬಾಯಿ ಕುರನೂರ ಅಣೆಕಟ್ಟಿನ ಹಿನ್ನೀರಿನ ಅಂಚಿನಲ್ಲಿ ಒಬ್ಬಳೇ ಇರುತ್ತಾಳೆ. ಅವಳ ಗಂಡ ಸಿದ್ರಾಮ ಒಂದು ಮಧ್ಯಾಹ್ನ ಎಮ್ಮೆ ಹುಡುಕಿಕೊಂಡು ನೀರಿನ ಕಡೆ ಹೋದವನು ತಿರುಗಿ ಬರಲಿಲ್ಲ. ಎಮ್ಮೆ ಬಂತು. ಶವ ಸಿಗಲಿಲ್ಲವಾದ್ದರಿಂದ ಅತ್ತೆ ಇಂದಿಗೂ ಕುಂಕುಮ ಇಡುತ್ತಾಳೆ. ಊರ ಹೆಂಗಸರು ಅವಳನ್ನು ಬಾಗಿನಕ್ಕೆ ಕರೆಯುತ್ತಾರೆ, ಕರೆಯುವಾಗ ಮುಖ ನೋಡುವುದಿಲ್ಲ.

ಅವಳ ಹೊಲದ ದಂಡೆಯಲ್ಲಿ ಮೊಳಕಾಲೆತ್ತರದ ಒಂದು ಕಲ್ಲುದೇವಿ ಇದೆ. ಬೇಸಿಗೆಯಲ್ಲೂ ಅದರ ಮೈ ತೇವ. ಯಾರಾದರೂ ಏನಾದರೂ ಕೇಳಲು ಬಂದರೆ ಅತ್ತೆ ಕಲ್ಲಿನ ಎರಡೂ ಬದಿಗೆ ದಾಸವಾಳದ ಒಂದೊಂದು ದಳ ಅಂಟಿಸುತ್ತಾಳೆ. ಇದಕ್ಕೆ ಕೌಲು ಹಚ್ಚುವುದು ಎನ್ನುತ್ತಾರೆ. ಬಲದ ದಳ ಮೊದಲು ಬಿದ್ದರೆ ಹೌದು, ಎಡದ್ದು ಬಿದ್ದರೆ ಅಲ್ಲ. ಕೇಳಿದ್ದನ್ನು ಮತ್ತೆ ಕೇಳುವಂತಿಲ್ಲ.

ಈ ವರ್ಷ ಬೇಸಿಗೆಯ ಮೊದಲಿಗೆ ಅವಳ ಮೈದುನ ಬೀರಣ್ಣ ಬಂದ. ಸೋಲಾಪುರದ ನವಿ ಪೇಠದಲ್ಲಿ ಅವನದು ಅರಿವೆಯ ಅಂಗಡಿ. ಮಗಳ ಲಗ್ನ ಗೊತ್ತಾಗಿತ್ತು, ಗಂಡಿನವರು ತಡೆದಿದ್ದರು.

"ವೈನಿ, ಸತ್ತವನ ದಿನ ಮಾಡದ ಮನಿಯಿಂದ ಹೆಣ್ಣ ತರಂಗಿಲ್ಲ ಅಂತಾರ. ಅಮಾಸಿಗೆ ಕೌಲ ಹಚ್ಚೂಣು."

"ಹಚ್ಚೂಣು," ಅಂದಳು ಅತ್ತೆ. ಸಿದ್ರಾಮ ಸತ್ತಿದ್ದಾನೆಂದು ದೇವಿ ಹೇಳಿದರೆ ಅವಳ ಕೊರಳಿನ ತಾಳಿ ಹೋಗುತ್ತದೆ.

ಆಗಷ್ಟೇ ಅಕ್ಕಲಕೋಟದ ಕಾಲೇಜಿನಲ್ಲಿ ಯೋಗಿರಾಜ ಸರ್ ನಮಗೆ ಗಣಿತದಲ್ಲಿ ಫಲನ, ಅಂದರೆ ಫಂಕ್ಷನ್, ಕಲಿಸಿದ್ದರು. ಒಂದು ಸಂಖ್ಯೆ ಒಳಗೆ ಹಾಕಿದರೆ ಒಂದೇ ಉತ್ತರ ಬರಬೇಕು. ಒಮ್ಮೆ ಐದು, ಒಮ್ಮೆ ಏಳು ಎಂದರೆ ಅದು ಫಲನವಲ್ಲ. ಆದರೆ ಬೇರೆ ಬೇರೆ ಸಂಖ್ಯೆಗಳಿಗೆ ಒಂದೇ ಉತ್ತರ ಬರಬಹುದು. ಮೂರರ ವರ್ಗ ಒಂಬತ್ತು, ಮೈನಸ್ ಮೂರರದೂ ಒಂಬತ್ತು. ಏನೇ ಹಾಕಿದರೂ ಒಂದೇ ಉತ್ತರ ಕೊಡುವುದು ಸ್ಥಿರ ಫಲನ. ನಕ್ಷೆಯಲ್ಲಿ ಅದು ನಿಂತ ನೀರಿನ ಹಾಗೆ ಮಲಗಿದ ಗೆರೆ.

ಅಮಾವಾಸ್ಯೆಗೆ ಮೊದಲೊಂದು ದಿನ, ದೇವಿಯ ಉತ್ತರವೂ ಹಾಗೆಯೇ ಏನೋ ನೋಡೋಣವೆಂದು ನಾನು ಕಲ್ಲಿನ ಮುಂದೆ ಕೂತು ಒಂದೊಂದು ಪ್ರಶ್ನೆಗೂ ಅತ್ತೆಯಿಂದ ದಳ ಹಚ್ಚಿಸಿದೆ. ನನ್ನ ಹೆಸರು ರೂಪಾಲಿ ಹೌದೇ ಎಂದೆ. ಬಲದ್ದು ಬಿತ್ತು. ನನ್ನ ಹೆಸರು ಬೀರಣ್ಣ ಹೌದೇ ಎಂದೆ. ಬಲದ್ದೇ ಬಿತ್ತು.

"ಏ ಬೀರಣ್ಣಾ, ಮೀಸಿ ಎಲ್ಲಿ ಬಿಟ್ಟ ಬಂದಿ?" ಅತ್ತೆ ನಕ್ಕಳು.

ಈ ನೀರು ಗುಡ್ಡ ಹತ್ತುತ್ತದೆಯೇ ಎಂದೆ. ಬಲ. ಅವಳ ನಗು ನಿಂತಿತು.

"ಎಡದ್ದು ಬಿದ್ದದ್ದು ನನಗೂ ನೆನಪಿಲ್ಲ ನೋಡ. ಬಂದಾವ್ರೆಲ್ಲಾ ತಮಗ ಬೇಕಾದ್ದನ್ನ ಕೇಳ್ತಿದ್ರು, ಹೌದ ಅನ್ನಿಸ್ಕೊಂಡ ಹೋಗ್ತಿದ್ರು."

"ಹಂಗಾರ 'ಇದ್ದಾನೇನು' ಅಂತ ಕೇಳಸು, ಅತ್ತಿ. 'ಸತ್ತಾನೇನು' ಅಂದ್ರ ಅದಕ್ಕೂ ಹೌದ ಅಂತದ."

"ಕೇಳಾಂವ ಅಂವ. ನನ್ನ ಕೆಲಸ ದಳ ಹಚ್ಚೂದಷ್ಟ."

ಅಮಾವಾಸ್ಯೆಯ ಬೆಳಿಗ್ಗೆ ಬೀರಣ್ಣ ಕೈ ಮುಗಿದು ಕೇಳಿದ: "ನಮ್ಮಣ್ಣ ಸತ್ತಾನೇನ, ತಾಯಿ?"

ನಾನು ಬಲದ ದಳವನ್ನೇ ನೋಡುತ್ತಿದ್ದೆ. ಅದು ಬೀಳಲಿಲ್ಲ. ಎಡದ್ದೂ ಬೀಳಲಿಲ್ಲ. ಬಿಸಿಲೇರಿತು. ನಾನು ಕಂಡಂತೆ ಮೊದಲ ಬಾರಿಗೆ ಆ ಕಲ್ಲು ಒಣಗಿ ಬೂದಿಯ ಬಣ್ಣಕ್ಕೆ ತಿರುಗಿತು. ಹಿಡಿದುಕೊಳ್ಳಲು ತೇವವೇ ಇರಲಿಲ್ಲ, ಆದರೂ ದಳಗಳು ಅಲ್ಲೇ ಇದ್ದವು. ಗಾಳಿ ಬೀಸಿ ಅತ್ತೆಯ ಸೆರಗು ಹಾರಿತು, ದಳ ಅಲುಗಲಿಲ್ಲ.

ಕೆಲವು ಫಲನಗಳಲ್ಲಿ ಕೆಲವು ಸಂಖ್ಯೆಗಳಿಗೆ ಜಾಗವೇ ಇಲ್ಲ ಎಂದೂ ಸರ್ ಹೇಳಿದ್ದರು. ಒಂದನ್ನು ಸೊನ್ನೆಯಿಂದ ಭಾಗಿಸಿ ನೋಡಿ. ಅಲ್ಲಿ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ, ಉತ್ತರವೇ ಇಲ್ಲ.

"ಇನ್ನೊಮ್ಮಿ ಕೇಳ್ಲಿ?" ಬೀರಣ್ಣನ ದನಿ ಇಳಿದಿತ್ತು.

"ಕೇಳಂಗಿಲ್ಲ," ಅಂದಳು ಅತ್ತೆ.

"ಗಂಡಿನವ್ರಿಗೆ ಏನ ಹೇಳ್ಲಿ ಮತ್ತ?"

"ಕಂಡದ್ದ ಹೇಳ."

ಅವನು ಸಂಜೆಯ ಬಸ್ಸಿಗೆ ಹೋದ. ಮರುದಿನ ಪೂಜೆಗೆ ಹೋದಾಗಲೂ ದಳಗಳು ಅಲ್ಲೇ ಇದ್ದವು, ಬಾಡಿರಲಿಲ್ಲ. ಅತ್ತೆ ಅಭಿಷೇಕಕ್ಕೆ ಚೊಂಬು ಎತ್ತಿದಳು, ಹಾಗೆಯೇ ಕೆಳಗಿಟ್ಟಳು. ಈಗ ಅವಳು ನೀರನ್ನು ದಳಕ್ಕೆ ತಾಗದಂತೆ ಕಲ್ಲಿನ ಬುಡಕ್ಕಷ್ಟೇ ಹಾಕುತ್ತಾಳೆ. ಕೇಳಲು ಬಂದವರು ದೂರದಿಂದಲೇ ನೋಡಿ ಹಿಂದಕ್ಕೆ ಹೊರಳುತ್ತಾರೆ. ಹೊಸ ದಳ ಹಚ್ಚಲು ಅಲ್ಲಿ ಜಾಗ ಖಾಲಿ ಇಲ್ಲ.