ತೂಬಿನ ಬೀಗದ ಕೈ

ನಿಂಗಣ್ಣ, ಸೆಣಬಿನ ಹೊರೆಗಳನ್ನು ಕೆರೆಗೆ ಹಾಕಿ ಎಂದು ನಿಮಗೆ ಹೇಳಿದವನು ನಾನು. ಪಂಚಾಯ್ತಿಯ ಒಪ್ಪಿಗೆ ಇದೆ ಎಂದೆ. ಇರಲಿಲ್ಲ — ನಾನು ಕೇಳಿಯೇ ಇರಲಿಲ್ಲ. ಊರವರ ಮುಂದೆ ನೀವು ತಲೆ ತಗ್ಗಿಸಿ ನಿಂತಾಗ ಪಕ್ಕದಲ್ಲೇ ನಿಂತು ಸುಳ್ಳು ಹೇಳಿದವನೂ ನಾನೇ.

ಇದೆಲ್ಲ ನಿಮಗೆ ಗೊತ್ತು. ನಿಮಗೆ ಮತ್ತು ನನಗೆ ಮಾತ್ರ ಗೊತ್ತು ಎಂಬುದೇ ನನ್ನ ಕುತ್ತಿಗೆಗೆ ಬಿದ್ದಿರುವ ಉರುಳು. ಆದ್ದರಿಂದ ಗೊತ್ತಿಲ್ಲದವರೂ ಓದಲಿ ಎಂದು ಮೊದಲಿನಿಂದ ಬರೆಯುತ್ತಿದ್ದೇನೆ.

ರಾಜ್ಯದ ನಾರು ಆಯೋಗದಲ್ಲಿ ಆಗ ನಾನು ಗುತ್ತಿಗೆ ನೌಕರ. ನಮ್ಮ ಸೀಮೆಯಲ್ಲಿ ಸೆಣಬನ್ನು ನಾರಿಗೆಂದು ಬೆಳೆಯುವವರಿರಲಿಲ್ಲ. ಎಳೆಯದಿದ್ದಾಗಲೇ ಗದ್ದೆಯಲ್ಲಿ ಉತ್ತು ಭತ್ತಕ್ಕೆ ಗೊಬ್ಬರ ಮಾಡುವುದೇ ವಾಡಿಕೆ. ಬಲಿಯಲು ಬಿಡಿ, ಬೀಜ ಆಯೋಗವೇ ಕೊಡುತ್ತದೆ, ನಾರನ್ನೂ ಅದೇ ಕೊಳ್ಳುತ್ತದೆ ಎನ್ನುತ್ತ ನಾನು ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಬೈಕಿನಲ್ಲಿ ಅಲೆದೆ. ಪಾಂಡವಪುರದಲ್ಲಿ ನಮ್ಮದು ಮರಗೆಲಸದ ಮನೆ. "ಉಳಿ ಹಿಡಿಯಾಕ್ ಬರ್ನಿಲ್ಲ, ನಾರ್ ಸುಲಿಯಾಕ್ ಓಗವ್ನೆ," ಎಂದು ಅಪ್ಪ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ನಾಲೆ ನೀರಿರುವ ಕಡೆ ಯಾರೂ ಕಿವಿಗೊಡಲಿಲ್ಲ. ಕಬ್ಬು ಬಿಟ್ಟು ಸೆಣಬು ಹಾಕಲು ತಲೆ ಕೆಟ್ಟಿದೆಯೇ ಎಂದರು. ಒಪ್ಪಿದವರು ನೀವೊಬ್ಬರು.

ನಾಗಮಂಗಲದ ಕಡೆಯ ನಿಮ್ಮೂರ ಕೆರೆಗೆ ನೀವು ನೀರುಗಂಟಿ. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಯಾವಾಗ ನೀರು — ಎಲ್ಲದರಲ್ಲೂ ನಿಮ್ಮ ಮಾತೇ ಕೊನೆ. ಸುಗ್ಗಿಯಲ್ಲಿ ಪ್ರತಿ ಕಣದಿಂದ ಮೊದಲ ಮೊರ ಭತ್ತ ನಿಮ್ಮ ಮನೆಗೆ. ತೂಬಿನ ಬೀಗದ ಕೈ ನಿಮ್ಮ ಉಡುದಾರದಲ್ಲಿ ತೂಗುತ್ತಿತ್ತು. ನಿಮ್ಮಪ್ಪನ ಉಡುದಾರದಲ್ಲೂ ತೂಗುತ್ತಿತ್ತು ಎಂದು ಒಮ್ಮೆ ನೀವೇ ತೋರಿಸಿ ಹೇಳಿದ್ದಿರಿ.

ಕೊಯ್ದ ಸೆಣಬನ್ನು ನೀರಲ್ಲಿ ಮುಳುಗಿಸಿ ಕೊಳೆಸಿದರೇ ನಾರು ಬಿಡುವುದು. ಅದಕ್ಕೆ ಬೇರೆ ಗುಂಡಿ ಬೇಕು, ನಿಂತ ನೀರಿನ ಕೆರೆಗೆ ಹಾಕಿದರೆ ನೀರು ಕೆಡುತ್ತದೆ ಎಂದು ನಮಗೆ ತರಬೇತಿಯಲ್ಲಿ ಹೇಳಿದ್ದರು. ನನಗೆ ಗೊತ್ತಿತ್ತು, ನಿಂಗಣ್ಣ. ಆದರೆ ಗುಂಡಿಗೆ ಹಾಸುವ ಪ್ಲಾಸ್ಟಿಕ್ ಹಾಳೆ ಕಚೇರಿಯಿಂದ ಬರಲೇ ಇಲ್ಲ. ಆಯೋಗದ ಸದಸ್ಯರು ನಾರು ನೋಡಲು ಬರುವ ದಿನ ಹತ್ತಿರವಾಯಿತು. ತೋರಿಸಲು ನಾರಿಲ್ಲದಿದ್ದರೆ ನಮ್ಮ ಜಿಲ್ಲೆಗೆ ಹಗ್ಗದ ಘಟಕವೂ ಇಲ್ಲ, ನನಗೆ ಕೆಲಸವೂ ಇಲ್ಲ —

"ಕೆರೆಗೇ ಹಾಕ್ಬುಡಿ ನಿಂಗಣ್ಣ," ಎಂದೆ.

ನೀವು ಹಿಂದೆಮುಂದೆ ನೋಡಿದಿರಿ. "ಕೆರೆಗಾ ಸಾ? ದನ ಕುಡಿಯೋ ನೀರು. ನೀರುಗಂಟಿಯಾಗಿ ನಾನೇ ಆಕುದ್ರೆ ಊರೋರು ಏನಂದಾರು?"

"ಏನೂ ಅನ್ನಕಿಲ್ಲ. ಪಂಚಾಯ್ತಿಯೋರ ಒಪ್ಪಿಗೆ ತಗಂಡಿವ್ನಿ."

ಎಷ್ಟು ಸಲೀಸಾಗಿ ಬಂತು ಆ ಮಾತು! ನೀವು ಮತ್ತೆ ಕೇಳಲಿಲ್ಲ. ಸರ್ಕಾರದ ಮನುಷ್ಯ ಒಪ್ಪಿಗೆ ಎಂದ ಮೇಲೆ ಒಪ್ಪಿಗೆ ಇದ್ದೇ ಇರುತ್ತದೆ ಎಂದುಕೊಂಡು, ಹೊರೆಗಳ ಮೇಲೆ ಕಲ್ಲು ಹೇರಿ ಮುಳುಗಿಸಿದಿರಿ.

ನಾರು ಚೆನ್ನಾಗಿಯೇ ಬಂತು. ಸದಸ್ಯರು ಒಂದು ಎಳೆಯನ್ನು ಬೆರಳಿಗೆ ಸುತ್ತಿ ಎಳೆದು ನೋಡಿ ಭೇಷ್ ಎಂದರು. ಅಷ್ಟರಲ್ಲಿ ಕೆರೆ ಗಬ್ಬೆದ್ದಿತ್ತು. ನೀರು ಕಪ್ಪಾಗಿ ಮೀನುಗಳು ಸತ್ತು ತೇಲುತ್ತಿದ್ದವು, ದನಗಳು ಮೂಸಿ ನೋಡಿ ಹಿಂದಕ್ಕೆ ತಿರುಗುತ್ತಿದ್ದವು. ಸದಸ್ಯರು ಇನ್ನೂ ಅಲ್ಲಿರುವಾಗಲೇ ಊರವರು ಕೆರೆ ಏರಿಯ ಮೇಲೆ ಸೇರಿದರು.

"ಯಾರ್ಲಾ ನಿಂಗೆ ಏಳಿದ್ದು, ಕೆರೆಗಾಕು ಅಂತ?" ಊರ ಯಜಮಾನರು ಕೇಳಿದರು.

ನೀವು ನನ್ನ ಕಡೆ ನೋಡಿದಿರಿ. ಆ ನೋಟದಲ್ಲಿ ದೂರು ಇರಲಿಲ್ಲ. ಇನ್ನೇನು ಇವರೇ ಹೇಳುತ್ತಾರೆ ಎಂದು ಕಾಯುತ್ತಿದ್ದಿರಿ, ಅಷ್ಟೇ. ನಾನು ಸದಸ್ಯರ ಮುಖ ನೋಡಿದೆ. ಆಮೇಲೆ ಹೇಳಿದೆ:

"ನಾವು ಗುಂಡಿ ತೋಡಿ ಅಂತಾನೇ ಹೇಳಿದ್ದು."

ನೀವು ಉಡುದಾರದಿಂದ ಬೀಗದ ಕೈ ಬಿಚ್ಚಿ ತೂಬಿನ ಕಲ್ಲಿನ ಮೇಲಿಟ್ಟಿರಿ. "ತೆಪ್ಪಾಯ್ತು ಕಣ್ರಪ್ಪ," ಎಂದು ಏರಿಯಿಂದ ಇಳಿದು ಹೋದಿರಿ. ಆ ಸುಗ್ಗಿಯಿಂದ ನಿಮ್ಮ ಮನೆಗೆ ಯಾವ ಕಣದಿಂದಲೂ ಮೊರ ಬರಲಿಲ್ಲ.

ಹಗ್ಗದ ಘಟಕ ಬೆಳ್ಳೂರು ಕ್ರಾಸಿನ ಹತ್ತಿರ ಬಂತು. ಆಯೋಗದಿಂದ ಒಳ್ಳೆಯದಾಗಲಿಲ್ಲ ಎನ್ನಲಾರೆ — ಬೀಜ ಕೊಟ್ಟಿತು, ಗುಂಡಿ ಕಟ್ಟಿಸಿತು, ಎಷ್ಟೋ ಹೆಣ್ಣುಮಕ್ಕಳು ಅಲ್ಲಿ ದುಡಿಯುತ್ತಿದ್ದಾರೆ. ನಾನು ಈಗ ಜಿಲ್ಲೆಯ ಉಸ್ತುವಾರಿ. ಬಾಯಿ ಬಿಟ್ಟರೆ ಇದಕ್ಕೆಲ್ಲ ಕೆಟ್ಟ ಹೆಸರು ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಳ್ಳುತ್ತ ಹೇಳಿಕೊಳ್ಳುತ್ತ ಹೊರಬರುವ ಬಾಗಿಲನ್ನು ಒಳಗಿನಿಂದ ನಾನೇ ಮುಚ್ಚಿಕೊಂಡೆ.

ಇನ್ನೂ ಹೇಸಿಗೆಯದು ಇದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಿಗಾದರೂ ಒಂದಿಷ್ಟು ಅಳುಕಿತ್ತು. ನಾನು ಕಾಯಿಯನ್ನು ನಿಮ್ಮ ಹೆಗಲಿಗೆ ಹೊರಿಸಿ ಊರೂರಲ್ಲಿ ಡಂಗುರ ಹೊಡೆದೆ. ರೈತರ ತರಬೇತಿಗಳಲ್ಲೆಲ್ಲ ನಿಮ್ಮದೇ ಕಥೆ: "ಒಬ್ಬ ನೀರುಗಂಟಿ, ತಾನು ಕಾಯೋ ಕೆರೆಗೆ ತಾನೇ ಸೆಣಬು ಹಾಕ್ದ!" ಜನ ನಗುತ್ತಿದ್ದರು. ಪಾಠ ಚೆನ್ನಾಗಿ ನಾಟುತ್ತದೆ ಎಂದು ಮೇಲಿನವರೂ ಮೆಚ್ಚಿದರು. ಕಥೆ ಬಿಡೋಣವೆಂದರೆ "ಸಾರ್, ನೀರುಗಂಟಿ ಕಥೆ" ಎಂದು ಕಚೇರಿಯ ಹುಡುಗರೇ ನೆನಪಿಸುತ್ತಿದ್ದರು.

ಮೊನ್ನೆ ಕೆ.ಆರ್. ಪೇಟೆಯಲ್ಲೂ ಹೇಳಿದೆ. ನಗು ನಿಲ್ಲುವ ಮೊದಲೇ ಹಿಂದಿನ ಸಾಲಿನಿಂದ ಎದ್ದು ನಿಂತವರು — ನೀವು. ಬಂತು, ಇವತ್ತಿಗೆ ಮುಗಿಯಿತು ಎಂದುಕೊಂಡೆ. ನಿಜ ಹೇಳುತ್ತೇನೆ, ಒಂದು ಗಳಿಗೆ ಹಗುರವೂ ಆಯಿತು.

"ಆ ನೀರುಗಂಟಿ ನಾನೇ ಕಣ್ರಪ್ಪ," ಎಂದಿರಿ. "ಸಾಯೇಬ್ರು ಏಳ್ದಂಗ್ ಕೇಳಿ. ಗುಂಡಿಗೇ ಆಕಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಉರುಳು ಇನ್ನೂ ಬಿಗಿಯಿತು.

ಊಟದ ಹೊತ್ತಿನಲ್ಲಿ ತಟ್ಟೆ ಹಿಡಿದು ನಿಮ್ಮ ಹತ್ತಿರ ಬಂದೆ. ಯಾಕೆ ಹಾಗಂದಿರಿ ಎಂದು ಕೇಳಿದೆ. ನೀವು ಮುದ್ದೆ ಮುರಿಯುತ್ತಲೇ ಹೇಳಿದಿರಿ: "ಇನ್ನೇನನ್ನನ ಸಾ? ಅವತ್ತು ನೀವು ಏಳ್ತೀರಿ ಅಂತ ಕಾದೆ, ಏಳ್ನಿಲ್ಲ. ನಾನ್ ಏಳುದ್ರೆ ನಂಬೋರ್ಯಾರು? ಈಗ ಬೀಜ ಬೇಕಾಗದೆ. ಕೊಡೋರು ನೀವೇ. ಬರ್ಕಬುಡಿ ನನ್ ಎಸ್ರ."

ಕ್ಷಮೆ ಇರಬಹುದು ಎಂದು ಆಸೆಪಟ್ಟಿದ್ದೆ. ಇರಲಿಲ್ಲ, ಇರಬೇಕಾಗಿಯೂ ಇಲ್ಲ. ನನ್ನ ಸುಳ್ಳಿನೊಳಗೆ ನಾನೊಬ್ಬನೇ ಸಿಕ್ಕಿಕೊಂಡಿದ್ದೇನೆ ಎಂದುಕೊಂಡಿದ್ದೆ. ನಿಮ್ಮನ್ನೂ ಒಳಗೆ ಕೂಡಿಹಾಕಿದ್ದೆ, ಹಿಡಿ ಬೀಜಕ್ಕಾಗಿ ನೀವೇ ನಿಮ್ಮನ್ನು ದಡ್ಡ ಎಂದುಕೊಳ್ಳುವ ಹಾಗೆ ಮಾಡಿದ್ದೆ.

ಬೀಜ ನಿನ್ನೆಯೇ ಕಳಿಸಿದ್ದೇನೆ. ಅದು ನಿಮಗೆ ಸಲ್ಲಬೇಕಾದದ್ದು. ಈ ಬರಹಕ್ಕೂ ಅದಕ್ಕೂ ಗಂಟು ಹಾಕಬೇಡಿ.

ಕೆರೆ ಈ ವರ್ಷ ತುಂಬಿದೆ ಎಂದು ಕೇಳಿದೆ. ತೂಬು ತೆಗೆಯುವ ದಿನ ಊರೆಲ್ಲ ಏರಿಯ ಮೇಲೆ ಸೇರುತ್ತದೆ. ನಾನು ಬರುತ್ತೇನೆ. ಕೆಲಸ ಉಳಿಯುತ್ತದೋ ಹೋಗುತ್ತದೋ, ಬೀಗದ ಕೈ ನಿಮ್ಮ ಉಡುದಾರಕ್ಕೆ ಮರಳುತ್ತದೋ ಇಲ್ಲವೋ — ಅದು ಊರವರಿಗೆ ಬಿಟ್ಟದ್ದು. ಯಾರು ಹೇಳಿದ್ದು ಎಂದು ಯಜಮಾನರು ಈ ಸಲ ಕೇಳಬೇಕಾಗಿಲ್ಲ. ನೀವು ನನ್ನ ಕಡೆ ತಿರುಗಿ ನೋಡುವ ಮೊದಲೇ ಹೇಳುತ್ತೇನೆ.