ಬಿದ್ದವನ ಹೊಟ್ಟೆಕಿಚ್ಚು

ಹಾಂಗ್‌ಕಾಂಗಿನ ನಮ್ಮ ಬೀದಿಯ ಚಹಾ ಅಂಗಡಿಯಲ್ಲಿ ಪುಯಿ ಮಾಮ ಕುಳಿತರೆಂದರೆ ಯಾವ ಫೈಟರಿಗೂ ಉಳಿಗಾಲವಿಲ್ಲ. ಮೂವತ್ತು ವರ್ಷದ ಹಿಂದೆ ಒಂದು ಕುಂಗ್‌ಫೂ ಚಿತ್ರದಲ್ಲಿ ನಾಯಕನಿಗೆ ಡ್ಯೂಪ್ ಆಗಿ ಮೂರನೇ ಮಹಡಿಯಿಂದ ಬಿದ್ದವರು ಇವರೇ. ತೆರೆಯ ಮೇಲೆ ಕಂಡದ್ದು ಬೆನ್ನು ಮಾತ್ರ. ಈಗ ಅದರ ಎರಡನೇ ಭಾಗ ಬಂದಿದೆ, ಇವರನ್ನು ಕರೆದಿಲ್ಲ. "ಮುಹೂರ್ತದ ದಿನ ಪೂಜೆಗಿಟ್ಟ ಹುರಿದ ಹಂದಿ ಕೊಯ್ಯೋಕೂ ಹೇಳಿ ಕಳಿಸ್ಲಿಲ್ಲ, ಇನ್ನೇನು ಉದ್ಧಾರ ಆಗ್ತಾರೆ!" ಎನ್ನುತ್ತಲೇ ದಿನಾ ಮ್ಯಾಟಿನಿಗೆ ಹೋಗುತ್ತಾರೆ, ಬಂದು ಚಹಾ ಆರಿ ಕೆನೆಗಟ್ಟುವವರೆಗೆ ಬೈಯುತ್ತಾರೆ. ಹೊಸಬರು ಹಾರುವುದು ಹಗ್ಗಕ್ಕೆ ಒಣಹಾಕಿದ ಚಡ್ಡಿಯ ಹಾಗಂತೆ, ಒದೆಯುವುದು ಸೊಳ್ಳೆ ಓಡಿಸಿದ ಹಾಗಂತೆ. "ಇವರಿಗೆ ಮುರಿಯೋಕೆ ಮೂಳೆನೇ ಇಲ್ಲ ಕಣ್ರೋ!" ಎಂದು ಸೊಂಟಕ್ಕೆ ನೋವಿನೆಣ್ಣೆ ತಿಕ್ಕಿಕೊಳ್ಳುತ್ತಾರೆ. ನಾವೂ ತಲೆಯಾಡಿಸುತ್ತೇವೆ, ಚಿತ್ರ ನಿಜಕ್ಕೂ ಡಬ್ಬಾ. ನಿನ್ನೆ ಚಹಾ ತಂದಿಟ್ಟ ಅಂಗಡಿಯ ಹುಡುಗಿ ಫಾಂಗ್, "ಆದ್ರೂ ಮಾಮ, ಫ್ಲಾಷ್‌ಬ್ಯಾಕಲ್ಲಿ ಹಳೇ ಚಿತ್ರದ ಆ ಮಹಡಿಯಿಂದ ಬೀಳೋ ಸೀನ್ ಹಾಕಿದಾರಲ್ಲ, ಅದಕ್ಕೆ ಥಿಯೇಟರ್ ಪೂರ್ತಿ ಚಪ್ಪಾಳೆ. ಅದು ನೀವೇ ಅಲ್ವಾ?" ಎಂದಳು. ಮಾಮನ ಮುಖ ಇನ್ನಷ್ಟು ಹುಳ್ಳಗಾಯಿತು. "ಅವನಾ? ಇಪ್ಪತ್ತೈದರ ವಯಸ್ಸಲ್ಲಿ ಯಾರು ಬೇಕಾದ್ರೂ ಬೀಳ್ತಾರೆ, ಬಿಡು," ಎಂದು ಕುರ್ಚಿಯ ತೋಳು ಹಿಡಿದು ಮೆಲ್ಲಗೆ ಎದ್ದರು. "ಚಪ್ಪಾಳೆ ಎಲ್ಲಾ ಅವನಿಗೆ. ಬೆನ್ನು ನೋಯೋದು ಮಾತ್ರ ನನಗೆ."